ತುಂಗತ್ತೆಯ ಪ್ಲಗ್ ಪಾನಾ

ಶಿಕಾರಿಪುರದ ನೋಂದಣಿ ಕಚೇರಿಯ ಮುಂದೆ ಇಪ್ಪತ್ತೆರಡು ವರ್ಷದಿಂದ ಕ್ರಯಪತ್ರ, ದಾನಪತ್ರ ಬರೆಯುತ್ತಿರುವ ನಿರಂಜನನೆಂಬ ನಾನು ಒಪ್ಪಿ ಬರೆದುಕೊಡುವುದೇನೆಂದರೆ, ಅಸಲು ಯಾವುದು ನಕಲು ಯಾವುದು ಎಂದು ಮೂಸಿಯೇ ಹೇಳಬಲ್ಲ ಮೂಗು ಈ ತಾಲ್ಲೂಕಿನಲ್ಲಿ ಒಂದೇ, ಅದು ನನ್ನದು! "ಅಸಲು ತನ್ನಿ, ನಕಲು ನಡೆಯಲ್ಲ" ಎಂದು ನಾನು ವಾಪಸ್ ಅಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಈಸೂರು ಮುಟ್ಟುತ್ತದೆ.

ಇಂಥ ನನಗೇ ಸೊರಬದ ಮಾವ ಮಹಾಬಲರಾಯರು ಸವಾಲು ಹಾಕಿದರು. ಅವರ ಹತ್ತಿರ ಎಪ್ಪತ್ತೊಂದರ ಮಾಡೆಲ್ಲಿನ ಮೋಟಾರ್ ಸೈಕಲ್ಲೊಂದಿದೆ. ಮದುವೆಯಾದಂದಿನಿಂದ ನನಗೆ ಅದರ ಮೇಲೆ ಕಣ್ಣು. ನನ್ನ ಷಡ್ಡಕ ಸುರೇಂದ್ರನಿಗೂ ಕಣ್ಣು. ಎಂಬತ್ತು ದಾಟಿದ ಮಾವ ಅಳಿಯಂದಿರಿಬ್ಬರನ್ನೂ ಕೂರಿಸಿ ತೀರ್ಪು ಕೊಟ್ಟರು:

"ಗಾಡಿ ಜತೆ ಕಂಪನಿಯವರು ಖಾಕಿ ಚೀಲದಲ್ಲಿ ಪಾನಾ, ಇಕ್ಕಳ ಅಂತ ಏಳು ರಿಪೇರಿ ಸಾಮಾನು ಕೊಟ್ಟಿದ್ರು. ಕೇಳಿದೋರಿಗೆಲ್ಲ ಕೊಟ್ಟೆ, ಒಂದೂ ವಾಪಸ್ ಬರ್ಲಿಲ್ಲ. ಬರೋ ಭಾನುವಾರದೊಳಗೆ ಏಳನ್ನೂ ಯಾರು ತರ್ತೀರೋ ಗಾಡಿ ಅವರದ್ದು. ಅದೇ ಸಾಮಾನು ಆಗ್ಬೇಕು ಮತ್ತೆ!"

"ಗಾಡಿ ನಂದಾಯ್ತು ಅಂತ್ಲೇ ತಿಳ್ಕೋ!" ಎಂದೆ ಹೆಂಡತಿ ಶ್ರೀರಂಜಿನಿಗೆ.

"ನಿಮ್ಮ ಕನ್ನಡಕ ಹುಡುಕೋಕೆ ದಿನಾ ನಾನು ಬೇಕು. ಐವತ್ತು ವರ್ಷದ ಪಾನಾ ಹುಡುಕ್ತಾರಂತೆ!"

ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ಕ್ರಯಪತ್ರದ ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ಹುಚ್ಚರಾಯಪ್ಪನವರ ಜಮೀನು" ಎಂದು ಬರೆಯುವ ಬದಲು "ಪೂರ್ವಕ್ಕೆ ಪ್ಲಗ್ ಪಾನಾ" ಎಂದು ಬರೆದುಬಿಟ್ಟೆ! ಹುಚ್ಚರಾಯಪ್ಪ ಕಾಗದ ಹಿಡಿದುಕೊಂಡು, "ಸ್ವಾಮೇರ, ನನ್ನ ಹೊಲ ಎಲ್ಲಿ ಹೋತು?" ಎಂದು ಅಳುವುದೊಂದು ಬಾಕಿ.

ಅಂತೂ ಸಿಕ್ಕವು. ಸ್ಕ್ರೂಡ್ರೈವರು ಮಾವನ ಮನೆಯ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲೇ ಮಲಗಿತ್ತು. ಟೈರು ಎಬ್ಬುವ ಪಟ್ಟಿ ಜಡೆ ಊರಿನ ಮಾಸ್ತಮ್ಮನ ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿತ್ತು. ಇಕ್ಕಳ ಮತ್ತು ಮೂರು ಪಾನಾ ಸೊರಬದ ಒಂದು ಸೈಕಲ್ ಶಾಪಿನ ತಗಡಿನ ಡಬ್ಬದಲ್ಲಿದ್ದವು. ಆರಕ್ಕೂ ತುಕ್ಕು ಹಿಡಿದಿತ್ತು, ಆದರೆ ಕಂಪನಿಯ ಮುದ್ರೆ ಮಾತ್ರ ಎದ್ದು ಕಾಣುತ್ತಿತ್ತು. ಏಳನೆಯದಾದ ಪ್ಲಗ್ ಪಾನಾ ಕುಪ್ಪಗಡ್ಡೆಯಲ್ಲಿ, ಮಾವನ ಅಕ್ಕ ತುಂಗತ್ತೆಯ ಮನೆಯಲ್ಲಿದೆ ಎಂದು ಸುದ್ದಿ ಬಂತು. ಶನಿವಾರ ಮೊದಲ ಬಸ್ಸಿಗೇ ಓಡಿದೆ.

ಎಂಜಿನ್ನಿನ ಪ್ಲಗ್ ಬಿಚ್ಚುವ ಈ ಪಾನಾ ಎಂದರೆ ಗೇಣುದ್ದದ ಕಬ್ಬಿಣದ ಕೊಳವೆ, ತಿರುಗಿಸಲು ಅದಕ್ಕೊಂದು ಸರಳು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ತುಂಗತ್ತೆ ಆ ಕೊಳವೆಯ ಒಂದು ತುದಿಗೆ ಮರದ ಬಿರಡೆ ಬಡಿದು, ಒಳಗೆ ಎಲೆಯಡಿಕೆ ತುಂಬಿ, ಸರಳಿನಿಂದ ಟಕಟಕ ಕುಟ್ಟುತ್ತ ಕೂತಿದ್ದರು! ನಲವತ್ತು ವರ್ಷದ ಎಲೆಯಡಿಕೆ, ಸುಣ್ಣ ಕುಡಿದು ಅದು ತುಂಗತ್ತೆಯ ಬಾಯಿಯಷ್ಟೇ ಕೆಂಪಾಗಿತ್ತು.

"ಅತ್ತೇ, ಇದೊಂದು ಕೊಡಿ. ಹಿತ್ತಾಳೆ ಕುಟ್ಟಾಣಿನೇ ತಂದುಕೊಡ್ತೀನಿ!"

"ಎಂತ ಮಾರಾಯ, ಶನಿವಾರ ಯಾರಾದ್ರೂ ಕಬ್ಬಿಣ ಕೈಯೆತ್ತಿ ಕೊಡ್ತಾರಾ? ಸೋಮವಾರ ಬಾ."

"ನಾಳೆನೇ ಬೇಕು ಅತ್ತೆ! ಇಲ್ದಿದ್ರೆ ಗಾಡಿ ಸುರೇಂದ್ರನ ಪಾಲು!"

ತುಂಗತ್ತೆ ಎರಡು ಸಲ ಬಾಯಾಡಿಸಿ ಯೋಚಿಸಿದರು. "ನಾನು ಕೊಡೂದಿಲ್ಲ. ಈಗ ಹಿತ್ತಲಿಗೆ ಹೋಗ್ತೆ. ಬರೂದ್ರೊಳಗೆ ಅದು ಇಲ್ಲಿ ಇರ್ಲಿಲ್ಲ ಅಂದ್ರೆ ನಂಗೆ ಗೊತ್ತಿಲ್ಲಪ್ಪ."

ನಿಯತ್ತಿನ ಪತ್ರ ಬರಹಗಾರನಾದ ನಾನು ಕಳ್ಳನಂತೆ ಪಾನಾ ಬಗಲಿಗಿಟ್ಟು ಬಸ್ಸು ಹತ್ತಿದೆ!

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಇಷ್ಟು ಹೊತ್ತಿಗೆ ಗಾಡಿ ನನ್ನ ಮನೆಯ ಮುಂದಿರುತ್ತಿತ್ತು. ಆದರೆ ಸುಮ್ಮನಿರುವ ಜಾಯಮಾನವೇ ನನ್ನದಲ್ಲವಲ್ಲ! ಮನೆಯಲ್ಲಿ ಏಳನ್ನೂ ಹರಡಿ ನೋಡಿದರೆ ಥೂ, ಕಸ. ಪಾತ್ರೆಗೆ ಪಾಲಿಶ್ ಹಾಕುವ ಚನ್ನೇಶನ ಅಂಗಡಿಗೆ ಹೊರಟೆ.

"ಬ್ಯಾಡ್ರಿ, ಇದ್ದಂಗೇ ಇರ್ಲಿ," ಎಂದಳು ಶ್ರೀರಂಜಿನಿ.

"ಹುಡುಗಿ ತೋರ್ಸೋಕೆ ಮುಂಚೆ ಮುಖ ತೊಳಸಲ್ವೇನೇ?"

ಚನ್ನೇಶ ಬಿರಡೆ ಕಿತ್ತೆಸೆದು, ಚಕ್ರಕ್ಕೆ ಒಡ್ಡಿ ಉಜ್ಜಿದ, ಉಜ್ಜಿದ, ಉಜ್ಜಿಯೇ ಉಜ್ಜಿದ. ಏಳೂ ಬೆಳ್ಳಿ! ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದೆ.

ಭಾನುವಾರ ಸೊರಬದಲ್ಲಿ ಸಭೆ. ಊಟಕ್ಕೆ ತುಂಗತ್ತೆಯೂ ಬಂದಿದ್ದರು. ಸುರೇಂದ್ರನ ಕೈ ಖಾಲಿ. ನಾನು ಖಾಕಿ ಚೀಲ ಬಿಚ್ಚಿ ಏಳು ರತ್ನಗಳನ್ನು ಹರಡಿದೆ. ಮಾವ ಒಂದೊಂದನ್ನೇ ಎತ್ತಿ, ತಿರುಗಿಸಿ, ಕನ್ನಡಕ ಒರೆಸಿಕೊಂಡು ಮತ್ತೆ ತಿರುಗಿಸಿದರು.

"ಮುದ್ರೆ ಎಲ್ಲಿ?"

ನಾನೂ ನೋಡಿದೆ. ಮುದ್ರೆ ಇಲ್ಲ! ತುಕ್ಕಿನ ಜೊತೆಗೆ ಅದೂ ಚನ್ನೇಶನ ಅಂಗಡಿಯ ಧೂಳಾಗಿತ್ತು.

"ಪಾಲಿಶ್ ಮಾಡ್ಸಿದೆ ಮಾವ..."

"ಅಂಗಡೀದು ತರೂದಾದ್ರೆ ನಾನೂ ತರ್ತಿದ್ದೆ ಬಿಡಿ ಭಾವಯ್ಯ," ಎಂದು ಸುರೇಂದ್ರ ಹಲ್ಲು ಕಿಸಿದ.

ನನ್ನ ಕೊನೆಯ ಸಾಕ್ಷಿಯ ಕಡೆ ತಿರುಗಿದೆ. "ತುಂಗತ್ತೆ, ನೀವೇ ಹೇಳಿ! ನಿನ್ನೆ ಈ ಪಾನಾ ನೀವೇ ಕೊಟ್ರಲ್ಲ?"

"ನಾನೆಲ್ಲಿ ಕೊಟ್ಟೆ? ನಿನ್ನೆ ಶನಿವಾರ! ಶನಿವಾರ ಕಬ್ಬಿಣ ಕೊಡ್ತಾರಾ?" ಎಂದು ಪಾನಾ ಇಸಿದುಕೊಂಡು ಮೂಸಿದರು. "ಎಲೆ ವಾಸನೆ ಇಲ್ಲ, ಸುಣ್ಣದ ವಾಸನೆ ಇಲ್ಲ. ಇದು ನಂದಲ್ಲ. ಹೌದೂ, ನನ್ನ ಕುಟ್ಟಾಣಿ ಯಾರು ಕದ್ದಿದ್ದು?"

ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಅಳು ಬಂದಂತಾಗಿ ನಾನು ಮಾವನ ಕಾಲು ಹಿಡಿಯುವುದೊಂದು ಬಾಕಿ. ಕನಿಕರ ಹುಟ್ಟಿ ಅವರು ಹೊಸ ಹುಕುಂ ಹೊರಡಿಸಿದರು: "ಆಯ್ತು. ಅಕ್ಕ 'ಇದು ನಂದೇ' ಅಂದ ದಿನ ಗಾಡಿ ನಿಂದು. ಅಲ್ಲೀವರೆಗೆ ಸುರೇಂದ್ರ ಓಡಿಸ್ಲಿ, ನಿಂತರೆ ಗಾಡಿ ಕೆಡ್ತದೆ."

"ಅಸಲು ತನ್ನಿ, ನಕಲು ನಡೆಯಲ್ಲ," ಎಂದಳು ಶ್ರೀರಂಜಿನಿ, ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ.

ಇದಾಗಿ ಐದು ತಿಂಗಳು. ಭಾನುವಾರ ಬಂತೆಂದರೆ ಎರಡು ಬಸ್ಸು ಬದಲಿಸಿ ಕುಪ್ಪಗಡ್ಡೆಗೆ ಹೋಗುತ್ತೇನೆ. ಹೊಸ ಬಿರಡೆ ಬಡಿದ ಕೊಳವೆಗೆ ಎಲೆ, ಅಡಿಕೆ, ಸುಣ್ಣ ಹಾಕಿ ಸಂಜೆಯ ತನಕ ಕುಟ್ಟುತ್ತೇನೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಸುರೇಂದ್ರ ಬೇಕೆಂದೇ ಆ ಬೀದಿಯಲ್ಲೇ ಗಾಡಿ ಓಡಿಸಿ ಹಾರ್ನ್ ಹೊಡೆದು ಹೋಗುತ್ತಾನೆ.

ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡು ತುಂಗತ್ತೆ ಕೊಳವೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಮೂಸುತ್ತಾರೆ, ಬೊಚ್ಚುಬಾಯಿ ತೆರೆದು ನಗುತ್ತಾರೆ.

"ಸ್ವಲ್ಪ ಕೆಂಪು ಹತ್ತಿದೆ. ಆದ್ರೂ ಇನ್ನೂ ನಕಲೇ ಅಳಿಯಂದ್ರೇ. ಹ್ಞೂಂ, ಕುಟ್ಟಿ!"