ಉದ್ಘಾಟನೆಗೆ ಮುಂಚೆ ಯಾರೂ ಹೋಗಬಾರದು

ಎಲ್ಲಕ್ಕೂ ಕಾರಣ ಮಾನಮ್ಮನ ಮೆಣಸಿನಕಾಯಿ ಬಜ್ಜಿ. ಹಲಸೂರಿನ ಆ ಗಲ್ಲಿಗೆ ಕೊನೆಗೂ ಸಾರ್ವಜನಿಕ ಶೌಚಾಲಯ ಬಂದ ಸಂತೋಷಕ್ಕೆ ಅವಳು ಬೆಳ್ಳಂಬೆಳಗ್ಗೆಯೇ ಬಾಣಲೆ ಇಟ್ಟಿದ್ದಳು. ಅದಕ್ಕಾಗಿ ವರ್ಷಗಟ್ಟಲೆ ಕಾರ್ಪೊರೇಷನ್ ಆಫೀಸಿನ ಮೆಟ್ಟಿಲು ಹತ್ತಿಳಿದ ವೀರಣ್ಣನವರಿಗೇ ಮೊದಲ ತಟ್ಟೆ. ಅದರ ಮೇಲೆ ಪಕ್ಕದ ಮನೆಯ ಜಹನಾರಾ ಕಳಿಸಿದ ಹಾಲು-ಅಕ್ಕಿಯ ಸಿಹಿ ಫಿರ್ನಿ. ಬೇಡ ಅನ್ನುವುದು ವೀರಣ್ಣನವರಿಗೆ ರೂಢಿಯಿರಲಿಲ್ಲ.

ಹೊತ್ತೇರುವಷ್ಟರಲ್ಲಿ ಹೊಟ್ಟೆಯೊಳಗೆ ತಮಟೆ ಶುರುವಾಯಿತು.

ವಠಾರದ ಹಳೇ ಕಕ್ಕಸನ್ನು ಮಾಲೀಕ ಹಿಂದಿನ ದಿನವೇ ಕೆಡವಿಸಿ ಆ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿದ್ದ. ಹೊಸದರ ಬೀಗದ ಕೈಯೇನೋ ವೀರಣ್ಣನವರ ಜೇಬಿನಲ್ಲೇ ಇತ್ತು. ಆದರೆ ಗಲ್ಲಿಯ ಸಂಘದ ಕಾರ್ಯದರ್ಶಿಯಾಗಿ, ಉದ್ಘಾಟನೆಗೆ ಮುಂಚೆ ಯಾರೂ ಒಳಗೆ ಕಾಲಿಡಬಾರದೆಂದು ಬಂದವರನ್ನೆಲ್ಲ ವಾಪಸು ಅಟ್ಟಿದವರು ಅವರೇ.

ಯಾರೂ ನೋಡದಾಗ ನುಗ್ಗಿಬಿಡೋಣವೆಂದು ಹೋದರೆ, ಬಾಗಿಲಲ್ಲಿ ಮಾನಮ್ಮ ರಂಗೋಲಿ ಹಾಕುತ್ತಾ ಕೂತಿದ್ದಳು.

"ಯಾಕ್ ಸಾರ್ ಹಿಂಗ್ ಬೆವರ್ತಿದೀರ?"

"ಒಳಗೆ ಒಂದ್ಸಲ ಚೆಕ್ ಮಾಡ್ಬೇಕಿತ್ತು."

"ನೀವೇ ಮಾಡಿದ್ ರೂಲ್ಸು ನೀವೇ ಮುರಿದ್ರೆ ಹೆಂಗೆ? ನನ್ ಮೊಮ್ಮಗಳನ್ನೂ ಬಿಡ್ಲಿಲ್ಲ ನೀವು."

ಟೀ ಅಂಗಡಿಯ ಅಹ್ಮದ್ ಪಾಷಾ ವೀರಣ್ಣನವರ ಮುಖ ನೋಡಿ ಬೇರೆಯೇ ಅರ್ಥ ಮಾಡಿಕೊಂಡ. "ಭಾಷಣಕ್ಕೆ ಡರ್ ಆಗ್ತಿದೆ ಅಲ್ವಾ ವೀರಣ್ಣ ಭಾಯ್? ಗರಂ ಚಾಯ್ ಕುಡೀರಿ, ಎಲ್ಲಾ ಇಳ್ದೋಗುತ್ತೆ."

ಎಲ್ಲಿ ಇಳಿದುಹೋಗುತ್ತದೋ ಎಂಬುದೇ ವೀರಣ್ಣನವರ ಭಯವಾಗಿತ್ತು. ಮನೆಗೆ ಓಡಿ ಹೆಂಡತಿಯ ಕಿವಿಯಲ್ಲಿ ನಿಜ ಹೇಳಿದರು. ಜಯದೇವಿ ಧಾರವಾಡದ ಹೆಣ್ಣು. ಕೋಟಿನ ಕಾಲರು ಸರಿಮಾಡುತ್ತಾ, "ಇಷ್ಟ್ ವರ್ಷ ತಡದೀರಿ, ಇನ್ನೊಂದ್ ಭಾಷಣ ತಡಕೋರಿ" ಅಂದಳು.

ಅಷ್ಟರಲ್ಲಿ ಉದ್ಘಾಟನೆಗೆ ಬರಬೇಕಿದ್ದ ಕಾರ್ಪೊರೇಷನ್ ಸಾಹೇಬರ ಜೀಪು ಬಂತು. ಜೀಪು ನಿಲ್ಲುವ ಮೊದಲೇ ಸಾಹೇಬರು ಕೆಳಗೆ ಧುಮುಕಿದರು. ವೀರಣ್ಣನವರು ಹೂವಿನ ಹಾರ ಎಸೆದಂತೆ ಹಾಕಿ, ಮೂರು ಹಾಳೆಯ ಭಾಷಣ ಮಡಿಚಿಟ್ಟು, "ನಮಸ್ಕಾರ, ತುಂಬಾ ಉಪಕಾರ ಆಯ್ತು, ಟೇಪ್ ಕತ್ತರಿಸ್ಬೇಕು" ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ಟೇಪೂ ಬಿತ್ತು. ವೀರಣ್ಣನವರು ಬೀಗ ತೆಗೆದು, ಇನ್ನೇನು ಒಳಗೆ ಹಾರಬೇಕು, ಸಾಹೇಬರು ಅವರ ಕಂಕುಳಡಿಯಿಂದ ಮೀನಿನಂತೆ ನುಸುಳಿ ಹೊರಬಾಗಿಲಿಗೇ ಒಳಗಿನಿಂದ ಚಿಲಕ ಹಾಕಿಕೊಂಡರು.

ಜನ ಬೆರಗಾದರು. "ತಾವೇ ಟೆಸ್ಟ್ ಮಾಡ್ತಾವ್ರೆ ನೋಡ್ರಪ್ಪ," ಅಂದಳು ಮಾನಮ್ಮ, "ಇಂಥ ಆಫೀಸರ್ ಎಲ್ ಸಿಕ್ತಾರೆ."

ವೀರಣ್ಣನವರು ಗೋಡೆಗೆ ಹಣೆಯೊತ್ತಿ ನಿಂತರು. ಭಕ್ತಿ ಉಕ್ಕಿದೆಯೆಂದು ಯಾರೋ ಅವರ ಬೆನ್ನು ಸವರಿದರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಕ್ಷೀಣ ಧ್ವನಿ ಕೇಳಿಸಿತು. "ಯಾರಾದ್ರೂ ಸ್ವಲ್ಪ ನೀರು ಕೊಡ್ರಪ್ಪಾ."

ಅಹ್ಮದ್ ಪಾಷಾ ಅಂಗಡಿಯ ಬಕೆಟ್ಟು ತಂದು ಬಾಗಿಲ ಸಂದಿಯಿಂದ ದಾಟಿಸಿದ. ಸ್ವಲ್ಪ ಹೊತ್ತಿಗೆ ಹೊರಬಂದ ಸಾಹೇಬರ ಮುಖ ಕೆಂಡವಾಗಿತ್ತು.

"ನಲ್ಲಿಗಳೇನೋ ಫಳಫಳ ಹೊಳೀತಿವೆ, ಹಿಂದೆ ಪೈಪೇ ಇಲ್ಲ. ಆ ಕಂಟ್ರಾಕ್ಟರ್ ನೀರು ಕೊಡೋವರ್ಗೂ ಇದು ಬಂದ್." ವೀರಣ್ಣನವರ ಕೈಯಿಂದಲೇ ಬೀಗ ಕಿತ್ತುಕೊಂಡು ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು, ಕಂಟ್ರಾಕ್ಟರನಿಗೆ ಫೋನು ಮಾಡಲು ಎಸ್‌ಟಿಡಿ ಬೂತಿನ ಕಡೆ ಹೊರಟೇಹೋದರು.

ವೀರಣ್ಣನವರಿಗೆ ಮಾನ ಮರ್ಯಾದೆಯ ಯೋಚನೆ ಉಳಿದಿರಲಿಲ್ಲ. ಓಡಿಹೋಗಿ ಜೀಪು ಹತ್ತಿ ಡ್ರೈವರನ ಭುಜ ಹಿಡಿದರು. "ನಿಮ್ಮ ಆಫೀಸಿಗೆ ಬಿಡಪ್ಪಾ, ಪುಣ್ಯ ಬರುತ್ತೆ. ಅಲ್ಲೊಂದು ಇರ್ಬೇಕಲ್ಲ."

ಡ್ರೈವರ್ ಕನಿಕರದಿಂದ ತಿರುಗಿ ನೋಡಿದ.

"ಅದು ಬ್ಲಾಕ್ ಆಗಿ ವಾರ ಆಯ್ತು ಸಾರ್. ಇಲ್ದಿದ್ರೆ ನಮ್ ಸಾಹೇಬ್ರು ಉದ್ಘಾಟನೆಗೆ ಇಷ್ಟ್ ಕರೆಕ್ಟ್ ಟೈಮಿಗೆ ಬರೋರಾ?"