ಇನ್ನೂರು ಹೆಜ್ಜೆಯ ಮೋಟಾರು, ಮೂವತ್ತು ಇಂಚಿನ ಬೋರ್ಡು

ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಹೆಂಗಸು ಗೋಣಿಬೀಡಿನಲ್ಲಿ ನಾನೊಬ್ಬಳೇ. ಹಾಗಾಗಿ ಸುಟ್ಟ ಮೋಟಾರು ತರುವವರಿಗೂ ಸುಮ್ಮನೆ ನಗಲು ಬರುವವರಿಗೂ ಇದೊಂದೇ ಅಂಗಡಿ. ಎರಡೂ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿವೆ.

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಯಂತ್ರವೊಂದನ್ನು ಬಿಡಿಭಾಗ ತರಿಸಿ ನಾನೇ ಜೋಡಿಸಿದ ಮೇಲೆ ಎರಡನೆಯದು ಇನ್ನೂ ಜೋರಾಯಿತು. ನಾನು ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿನಲ್ಲಿ. ಯಂತ್ರದ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಮೂರು ಸಲ ಓದಿದ್ದೆ. ಅಷ್ಟರಲ್ಲಿ ಅತ್ತಿಗುಂಡಿ ಹತ್ತಿರ ಹೋಂಸ್ಟೇ ಕಟ್ಟಿಸುತ್ತಿದ್ದ ಎಸ್ಟೇಟ್ ಗೌಡರು ಬಂದರು.

"ಗೇಟಿನ ಕಲ್ಲುಕಂಬದ ಗೂಡಿಗೆ ಮೂವತ್ತು ಇಂಚಿನ ಹೆಸರಿನ ಬೋರ್ಡು ಬೇಕು. ಭಾನುವಾರ ಬರ್ತೀನಿ. ಅಳತೆ ಸರಿಯಿದ್ರೆ ರೂಮಿನ ಬೋರ್ಡುಗಳೂ ನಿಂಗೇ. ಇಲ್ದಿದ್ರೆ ಬೆಂಗ್ಳೂರಲ್ಲಿ ಮಾಡಿಸ್ತೀನಿ, ನೋಡು."

ನನ್ನ ಯಂತ್ರ ಅಲ್ಲಿಯವರೆಗೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. "ಆಯ್ತು ಗೌಡ್ರೇ" ಅಂದುಬಿಟ್ಟೆ.

೧. ಚಳಿಜ್ವರ

ಈ ಯಂತ್ರದ ಮೋಟಾರು ಪಂಪಿನ ಮೋಟಾರಿನಂತೆ ಗಿರ್ರನೆ ತಿರುಗುವುದಿಲ್ಲ. ಹೆಜ್ಜೆ ಇಟ್ಟು ತಿರುಗುತ್ತದೆ, ಒಂದು ಸುತ್ತಿಗೆ ಇನ್ನೂರು ಹೆಜ್ಜೆ. ಒಳಗೆ ಎರಡು ಕಾಯಿಲ್, ಹೊರಗೆ ನಾಲ್ಕು ತಂತಿ. ಊರಿನ ಮೋಟಾರಿಗೆಲ್ಲ ಕಾಯಿಲ್ ಸುತ್ತಿದವಳು ನಾನು, ನಾಲ್ಕು ತಂತಿ ಯಾವ ಲೆಕ್ಕ ಎಂದು ಜೋಡಿಸಿ ಸ್ವಿಚ್ ಒತ್ತಿದೆ. ಅದು ನಿಂತಲ್ಲೇ ಗಡಗಡ ನಡುಗುತ್ತಾ ನರಳಿತು.

ಪಕ್ಕದ ಅಂಗಡಿಯ ಬೈಕ್ ಮೆಕ್ಯಾನಿಕ್ ಭಾಯಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದ. "ಅಕ್ಕಾ, ಚಳಿಜ್ವರ ಬಂದಿದೆ ಇದಕ್ಕೆ. ಕಂಬಳಿ ಹೊದಿಸಿ."

ಒಂದು ಕಾಯಿಲಿನ ತಂತಿಯನ್ನು ಇನ್ನೊಂದಕ್ಕೆ ಸೇರಿಸಿದ್ದೆ. ಎರಡು ತಂತಿ ತಾಗಿಸಿ ಬೆರಳಲ್ಲಿ ತಿರುಗಿಸಿದಾಗ ಮೋಟಾರು ಬಿಗಿಯಾದರೆ ಅವೆರಡೂ ಜೋಡಿ. ಹತ್ತು ನಿಮಿಷದಲ್ಲಿ ಸರಿಮಾಡಿದೆ.

"ಇದು ಪುಸ್ತಕದಲ್ಲಿತ್ತಾ ಅಕ್ಕಾ?"

"ಇತ್ತು."

"ಎಷ್ಟನೇ ಪುಟ?"

"ಮೊದಲನೇದು."

"ಹಾಗಾದ್ರೆ ಮೂರು ಸಲ ಓದಿದ್ದು ಎರಡನೇ ಪುಟದಿಂದಾನಾ?"

೨. ಮೀಟರು

ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕು ಎಂಬುದಕ್ಕೆ ಒಂದು ಪುಟ್ಟ ಸ್ಕ್ರೂ ಇದೆ. ಕಡಿಮೆಯಾದರೆ ಮೋಟಾರು ಹೆಜ್ಜೆ ತಪ್ಪುತ್ತದೆ, ಹೆಚ್ಚಾದರೆ ಮುಟ್ಟಲಾಗದಷ್ಟು ಸುಡುತ್ತದೆ. ಕೆಲಸವಿಲ್ಲದೆ ನಿಂತಾಗಲೂ ಅದು ಬಿಸಿಯೇ.

ಅತ್ತೆ ಮುಟ್ಟಿ ನೋಡಿದರು. "ಓಡಿ ಬಿಸಿಯಾದ್ರೆ ಸರಿ ಮಾರಾಯ್ತಿ. ನಿಂತಲ್ಲೇ ಬಿಸಿಯಾಗೋದು ನಿಮ್ಮ ಮಾವನ ಬುದ್ಧಿ."

ಹೊರಗೆ ಮಂಜು. ನಮ್ಮ ಬೆಕ್ಕು ಊರಲ್ಲಿರುವ ಬೆಚ್ಚನೆ ಜಾಗವನ್ನೆಲ್ಲ ಬಿಟ್ಟು ಮೋಟಾರಿನ ಮೇಲೆ ಹತ್ತಿ ಕೂತಿತು, ಮರುಕ್ಷಣವೇ ಚಂಗನೆ ಹಾರಿತು. ಸ್ಕ್ರೂ ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. ಮತ್ತೆ ಕೂತಿತು, ಎದ್ದಿತು. ಇನ್ನೂ ಸ್ವಲ್ಪ. ಈ ಸಲ ಕಾಲು ಮಡಚಿ ಕಣ್ಣು ಮುಚ್ಚಿತು. ಅದನ್ನು ಎಬ್ಬಿಸಿ ಯಂತ್ರ ಓಡಿಸಿದರೆ ಒಂದು ಹೆಜ್ಜೆಯೂ ತಪ್ಪಲಿಲ್ಲ! ಯಂತ್ರದ ಉಳಿದ ಮೋಟಾರುಗಳಿಗೂ ಹಾಗೇ ಮಾಡಿದೆ.

ಭಾಯಿ ಇಣುಕಿದ. "ಇದನ್ನ ನೋಡೋಕೆ ಮೀಟರ್ ಇರಲ್ವಾ ಅಕ್ಕಾ?"

"ಇದೆಯಲ್ಲ, ಅಲ್ಲಿ ಮಲಗಿದೆ."

೩. ಕೊನೆಯ ಗೂಟ

ಒಂದು ಮಿಲಿಮೀಟರ್ ಸರಿಯಲು ಎಷ್ಟು ಹೆಜ್ಜೆ ಎಂದು ಕಂಪ್ಯೂಟರಿಗೆ ನಾವೇ ಹೇಳಬೇಕು. ಹತ್ತು ಮಿಲಿಮೀಟರ್ ಓಡಿಸಿ ಸ್ಕೇಲ್ ಇಟ್ಟೆ, ಸರಿಯಿತ್ತು. ಮೂವತ್ತು ಇಂಚಿನ ಗೆರೆ ಎಳೆಸಿದರೆ ಮುಕ್ಕಾಲು ಇಂಚು ಗಿಡ್ಡ. ಮತ್ತೆ ಹತ್ತು ಮಿಲಿಮೀಟರ್ ಅಳೆದೆ. ಸರಿಯೇ ಇತ್ತು. ಮತ್ತೆ ಗೆರೆ, ಮತ್ತೆ ಗಿಡ್ಡ. ಗುರುವಾರ ಹೀಗೇ ಕಳೆಯಿತು.

ಸಂಜೆ ಗೌಡರ ಎಸ್ಟೇಟಿನ ಮುದುಕ ಮೇಸ್ತ್ರಿ ಸುಟ್ಟ ಪಂಪು ತಂದವರು ಇದನ್ನೆಲ್ಲ ನೋಡುತ್ತಾ ಕೂತರು. ಕಾಫಿಗಿಡ ಹಾಕಲು ಹಗ್ಗ ಎಳೆದು ಸಾಲಿಗೆ ಗೂಟ ಹೊಡೆಸುವುದೇ ಅವರ ಜೀವಮಾನದ ಕೆಲಸ.

"ಎಂಥದು ಮಗಾ, ಎರಡು ಗೂಟದ ಮಧ್ಯ ಅಳೆದ್ರೆ ಗೊತ್ತಾಗ್ತದಾ? ಕೂದಲೆಳೆ ತಪ್ಪು ಅಲ್ಲಿ ಕಾಣೂದಿಲ್ಲ. ಕೊನೇ ಗೂಟಕ್ಕೆ ಹೋಗಿ ಅಳೆ. ತಪ್ಪೆಲ್ಲ ಅಲ್ಲಿ ಒಟ್ಟಾಗಿ ಕೂತಿರ್ತದೆ."

ಯಾರು ಹೇಳಿದ್ದನ್ನೂ ಒಂದೇ ಸಲಕ್ಕೆ ಒಪ್ಪುವವಳಲ್ಲ ನಾನು. ಆದರೂ ಈ ತುದಿಯಿಂದ ಆ ತುದಿಗೆ ಓಡಿಸಿ ಅಳೆದೆ, ತಪ್ಪನ್ನು ಭಾಗಿಸಿ ಹೊಸ ಸಂಖ್ಯೆ ಕೊಟ್ಟೆ. ಗೆರೆ ಕರಾರುವಾಕ್ಕಾಗಿ ಮೂವತ್ತು ಇಂಚು ಬಂತು.

"ಇದನ್ನ ನೀವು ಎಲ್ಲಿ ಕಲ್ತಿದ್ದು ಮೇಸ್ತ್ರಣ್ಣ?"

"ಒಂದ್ಸಲ ಎರಡೇ ಗೂಟ ಅಳೆದು ಗುಂಡಿ ತೆಗೆಸಿದ್ದೆ. ಕೊನೇ ಸಾಲಿನ ಹಣ್ಣು ಇವತ್ತಿಗೂ ಪಕ್ಕದ ತೋಟದವ್ರೇ ಕುಯ್ಯೂದು."

೪. ಗೌಡರ ಟೇಪು

ಭಾನುವಾರ ಗೌಡರು ಮೇಸ್ತ್ರಿಯ ಜೊತೆ ಬಂದರು. ಸಿಲ್ವರ್ ಓಕಿನ ಬೋರ್ಡು, ಅಕ್ಷರ ಒಂದೊಂದೂ ಕಡೆದಿಟ್ಟ ಹಾಗಿತ್ತು. ಗೌಡರು ಜೇಬಿನಿಂದ ತಮ್ಮ ಟೇಪು ತೆಗೆದು ಅಳೆದರು.

"ಮೂವತ್ತೆರಡು."

ಭಾಯಿ, ಅತ್ತೆ ಎಲ್ಲರೂ ನನ್ನ ಮುಖ ನೋಡಿದರು. ನನ್ನ ಎದೆ ಒಂದು ಹೆಜ್ಜೆ ತಪ್ಪಿದ್ದು ನಿಜ. ಆದರೂ ಹೇಳಿದೆ, "ಮೂವತ್ತೇ ಗೌಡ್ರೇ. ತಪ್ಪಿದ್ದು ನಿಮ್ಮ ಟೇಪು."

"ಇಪ್ಪತ್ತು ವರ್ಷದ ಟೇಪು ಕಣೇ ಇದು!"

ಮೇಸ್ತ್ರಿ ಮೆಲ್ಲಗೆ ಟೇಪು ಇಸಿದುಕೊಂಡು ತುದಿಯನ್ನು ಕಣ್ಣಿನ ಹತ್ತಿರ ಹಿಡಿದರು. "ಹೌದು ಗೌಡ್ರೇ, ಇಪ್ಪತ್ತು ವರ್ಷದ್ದು. ಮುಂದಿನ ಎರಡು ಇಂಚು ಮುರಿದು ಬಿದ್ದು ಎಷ್ಟು ವರ್ಷ ಆಯ್ತೋ."

ಗೌಡರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಅಯ್ಯೋ! ಹೋಂಸ್ಟೇ ಬಾಗ್ಲು ಎಲ್ಲ ಇದ್ರಲ್ಲೇ ಅಳೆದಿದ್ದು. ಒಂದೂ ಚೌಕಟ್ಟಿಗೆ ಕೂರಲಿಲ್ಲ ಅಂತ ಮೂರು ಬಡಗಿಗಳನ್ನ ಬೈದು ಓಡ್ಸಿದೀನಲ್ಲೇ!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು.

ಗೌಡರು ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು. "ಹಾಗಾದ್ರೆ ಗೇಟಿನ ಗೂಡು ಇರೋದು ಇಪ್ಪತ್ತೆಂಟೇ ಇಂಚು. ಎರಡು ಇಂಚು ಕೊಯ್ದು ಬಿಡಕ್ಕಾಗ್ತದಾ?"

"ಧಾರಾಳವಾಗಿ ಕೊಯ್ಬಹುದು ಗೌಡ್ರೇ" ಅಂದೆ. "ಗೇಟಿನ ಕಲ್ಲನ್ನ."

ಕೊಯ್ಯಿಸಿದರು. ಬೋರ್ಡು ಇದ್ದ ಹಾಗೇ ಹೋಗಿ ಕೂತಿದೆ. ರೂಮಿನ ಬೋರ್ಡುಗಳ ಕೆಲಸವೂ ನನಗೇ ಬಂತು. ಜೊತೆಗೆ, ಬೈಸಿಕೊಂಡ ಆ ಮೂವರು ಬಡಗಿಗಳು ಬೇರೆ ಬೇರೆ ದಿನ ಅಂಗಡಿಗೆ ಬಂದು, ಒಬ್ಬೊಬ್ಬರೂ ನನಗೆ ಕಾಫಿ ಕುಡಿಸಿ ಹೋದರು.