ಹಳೆ ದೋಣಿಯ ಬೆಂಚು

“ಬಾಯಿಗೊಂದ್ ಬೀಗ ಹಾಕ್ರೆ ಹೊಟ್ಟಿಗ್ ಕತ್ರಿ ಎಂತಕ್ ಭಾವ?” ಎಂದು ನಾನು ಬೆರಳೆತ್ತಿ ಕೇಳುವುದಕ್ಕೂ, ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲೆರಡು ಅಗಲವಾಗುವುದಕ್ಕೂ ಸರಿಹೋಯಿತು. ಬೆರಳು ಮಾತ್ರ ಎತ್ತಿದ ಹಾಗೆಯೇ ಇತ್ತು. ಉಳಿದ ನಾನು ಜಗಲಿಯ ಮೇಲೆ ಅಂಗಾತ ಬಿದ್ದಿದ್ದೆ.

ಎದುರಿನ ಬೆಂಚಿನ ಮೇಲಿದ್ದ ಚಂದ್ರ ಭಾವ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಚಂದ್ರ: ಪೆಟ್ಟಾಯ್ತಾ ಭಾವ? ಅಡ್ಡಿಲ್ಲೆ, ಮಾತ್ ಮುಗ್ಸಿ. ಬಾಯಿಗ್ ಬೀಗ ಅಂದ್ರಿ. ಮತ್ತೆ?

ಕುರ್ಚಿಯ ಮುರುಕನ್ನು ಕಾಲಿನಿಂದ ಮೆಲ್ಲಗೆ ಬದಿಗೆ ಸರಿಸಿ ಮೆಟ್ಟಿಲ ಮೇಲೆ ಕೂತೆ. ಮೆಟ್ಟಿಲು ಕಲ್ಲಿನದು.

ಚಂದ್ರ ಭಾವ ನನ್ನ ತಂಗಿ ವನಜಳ ಗಂಡ. ಉಪ್ಪುಂದದವರು, ಸೋಮ ಎಂಬವನ ಜೊತೆ ಪಾಲಿನಲ್ಲಿ ದೋಣಿ ಇಟ್ಟುಕೊಂಡವರು. ಆದರೆ ಈಚೆಗೆ ಅವರು ಕಾಲಿಟ್ಟ ಕಡೆಗೆ ದೋಣಿ ವಾಲತೊಡಗಿತ್ತು. ಸೋಮ ಬಹಳ ಮರ್ಯಾದೆಯಿಂದಲೇ, ನೀವು ದಡದಲ್ಲಿದ್ದುಕೊಂಡು ಮೀನಿನ ವ್ಯಾಪಾರ ನೋಡಿಕೊಂಡರೆ ಸಾಕು ಎಂದಿದ್ದ. ಅಂದಿನಿಂದ ಭಾವ ದಡದವರಾದರು. ಮನೆಯ ಕುರ್ಚಿಗಳು ಒಂದೊಂದಾಗಿ ಕಾಲು ಬಿಟ್ಟ ಮೇಲೆ, ಒಡೆದು ಹಾಕಿದ ಹಳೆ ದೋಣಿಯೊಂದರ ಹಲಗೆ ತರಿಸಿ ಒಂದು ಬೆಂಚು ಮಾಡಿಸಿಕೊಂಡರು. ದೋಣಿಯ ಮೇಲೆ ಕೂತ ಹಾಗೂ ಆಯಿತು, ಮುಳುಗುವ ಹೆದರಿಕೆಯೂ ಇಲ್ಲ.

ಈಗ ದೊಡ್ಡ ಆಸ್ಪತ್ರೆಯ ಡಾಕ್ಟರು ತೂಕ ಇಳಿಸುವ ಆಪರೇಷನ್‌ಗೆ ದಿನ ಕೊಟ್ಟಿದ್ದರು. ಮರುದಿನ ಬೆಳಿಗ್ಗೆಯೇ ಹೊರಡಬೇಕು. ತೊಡಕು ಒಂದೇ. ಕಡಲಿಗೆ ಹೋಗುತ್ತಿದ್ದ ಕಾಲದಿಂದಲೂ ಭಾವ ವನಜಳ ಬಾಯಿಂದ “ಹೋಯ್ ಬನ್ನಿ”, ಅಂದರೆ ಹೋಗಿ ಬನ್ನಿ, ಎಂಬ ಮಾತು ಕೇಳದೆ ಹೊಸಿಲು ದಾಟಿದವರಲ್ಲ. ವನಜ ಆ ಮಾತು ಹೇಳುವುದಿಲ್ಲವೆಂದು ಕೂತಿದ್ದಳು. ಅಷ್ಟೇ ಅಲ್ಲ, ಇವರಿಗೆ ಬುದ್ಧಿ ಹೇಳಬೇಕೆಂದು ಹೆಮ್ಮಾಡಿಯಿಂದ ನನ್ನನ್ನು ಕರೆಸಿದ್ದಳು. ನಾನು ಪಥ್ಯದ ಪಂಡಿತ. ಊಟ ಬಿಟ್ಟು ತೂಕ ಇಳಿಸಿದ ಬಗೆಯನ್ನು ಪೇಪರಿನಲ್ಲಿ ಬರೆದವನು. ಅದನ್ನು ವನಜ ಪ್ರತಿ ಊಟದ ಹೊತ್ತಿಗೂ ಗಂಡನಿಗೆ ಓದಿ ಹೇಳುತ್ತಿದ್ದಳಂತೆ. ಓದಿ ಮುಗಿಸಿ ಅನ್ನ ಬಡಿಸುತ್ತಿದ್ದಳಂತೆ. ಈಗ ಅವಳೂ ಹೊಸಿಲ ಬಳಿ ಕೂತಿದ್ದಳು.

ವನಜ: ಅಣ್ಣನ್ ಕಾಣಿ. ಹನ್ನೊಂದ್ ಕೆಜಿ ಇಳ್ಸಿದ. ಹೊಟ್ಟಿ ಕೊಯ್ಸಿದ್ನಾ? ಫೋಟೋ ಸಮೇತ ಬಂದಿತ್ತ್.

ಚಂದ್ರ: ಆ ಹನ್ನೊಂದ್ ಕೆಜಿ ಈಗ ಎಲ್ಲಿತ್ತ್?

ಮೂವರೂ ಮುರಿದ ಕುರ್ಚಿಯನ್ನು ನೋಡಿದೆವು.

ನಾನು: ಅದ್ ಸ್ವಲ್ಪ ವಾಪಸ್ ಬಂತ್.

ವನಜ: ಸ್ವಲ್ಪ ಅಂದ್ರೆ ಎಷ್ಟಣ್ಣ?

ನಾನು: ಹೋದ್ದೆಲ್ಲ ಬಂತ್. ಬಪ್ಪತಿಗೆ ಇನ್ನ್ ಮೂರ್ನಾಲ್ಕ್ ಕೆಜಿ ಜೊತಿಗ್ ಕರ್ಕಂಡ್ ಬಂತ್.

ಚಂದ್ರ: ಬೊಂಬಾಯಿಗ್ ಹೋದವ್ರ್ ಹಾಂಗೆ. ಹೋಪತಿಗೆ ಒಬ್ಬ, ಬಪ್ಪತಿಗೆ ಸಂಸಾರ.

ಸಾಕ್ಷಿ ಹೇಳಲು ಬಂದವನೇ ಎದುರು ಪಾರ್ಟಿಗೆ ಸಾಕ್ಷಿಯಾದರೆ ವಕೀಲರ ಮುಖ ಹೇಗಾಗುತ್ತದೋ ವನಜಳ ಮುಖ ಹಾಗಾಯಿತು. ಎದ್ದು ಒಳಗೆ ಹೋದವಳು ಗೋಳಿಬಜೆಯ ತಟ್ಟೆ ಹಿಡಿದು ಬಂದಳು. ಅಣ್ಣ ಅಪರೂಪಕ್ಕೆ ಬಂದಿದ್ದಾನೆಂದು ಮಾಡಿದ್ದಂತೆ. ಎಣ್ಣೆ ಚೆನ್ನಾಗಿ ಸೋರಿಸಿದ್ದಾಳಂತೆ. ಹಾಗಾಗಿ ಇದು ಪಥ್ಯವೇ ಅಂತೆ. ನನಗೆ ನಾಲ್ಕು, ಗಂಡನಿಗೂ ನಾಲ್ಕು ಇಟ್ಟಳು.

ಗೋಳಿಬಜೆ ಬಾಯಲ್ಲಿಟ್ಟುಕೊಂಡೇ ನಾನು ಮನೋಬಲದ ವಿಷಯ ಎತ್ತಿದೆ. ಎಲ್ಲ ಮನಸ್ಸಿನಲ್ಲಿದೆ, ಮನಸ್ಸು ಗಟ್ಟಿ ಮಾಡಿದರೆ ಹೊಟ್ಟೆ ತಾನೇ ದಾರಿಗೆ ಬರುತ್ತದೆ ಎಂದೆ.

ಚಂದ್ರ: ಮನ್ಸ್ ಗಟ್ಟಿ ಇಲ್ದಿರೆ ಇಪ್ಪತ್ತ್ ವರ್ಷ ಗಾಳಿ ಮಳಿ ಅಂದೇಳಿ ಕಾಣ್ದೆ ಕಡ್ಲಿಗ್ ಹೋತಿದ್ನಾ ಭಾವ?

ನಾನು ಸಮುದ್ರದಲ್ಲಿ ಮೊಣಕಾಲಿಗಿಂತ ಮುಂದೆ ಹೋದವನಲ್ಲ. ಭಾವ ಮಾಡದ ಪಥ್ಯವೂ ಇರಲಿಲ್ಲ. ಜೀರಿಗೆ ನೀರು ಕುಡಿದಿದ್ದರು, ಅನ್ನ ಬಿಟ್ಟು ಓಟ್ಸ್ ಹಿಡಿದಿದ್ದರು, ಬೈಂದೂರಿನ ಜಿಮ್ಮಿಗೂ ಸೇರಿದ್ದರು. ಪ್ರತಿ ಸಲ ಇಳಿದಿದ್ದರು, ಪ್ರತಿ ಸಲ ಇಳಿದಲ್ಲಿಂದ ಇನ್ನೂ ಮೇಲಕ್ಕೆ ಹತ್ತಿದ್ದರು.

ಚಂದ್ರ: ಮಳಿಗಾಲ ಬತ್ತ್, ದೋಣಿ ನಿಲ್ಲತ್ತ್ ಅಂದ್ರೆ ವನಜ ಎಂತ ಮಾಡತ್ತ್ ಭಾವ?

ನಾನು: ಒಣಮೀನ್ ಮಾಡಿ ಡಬ್ಬಿ ತುಂಬ್ಸಿ ಇಡತ್ತ್.

ಚಂದ್ರ: ನಾನ್ ಊಟ ಬಿಟ್ರೆ ನನ್ ಮೈಯೂ ಅದೇ ಮಾಡತ್ತ್. ಮಳಿಗಾಲ ಬಂತ್, ಇನ್ನ್ ಮೀನಿಲ್ಲೆ, ಸಿಕ್ಕಿದ್ದೆಲ್ಲ ಒಣ್ಗ್ಸಿ ಇಡ್ ಅಂತ್. ಖರ್ಚ್ ಕಡ್ಮಿ ಮಾಡತ್ತ್, ಹಶು ಜಾಸ್ತಿ ಮಾಡತ್ತ್. ಅದ್ ಹಗ್ಲೂ ರಾತ್ರಿ ಕೂಗತ್ತ್. ನಾನ್ ಎಷ್ಟ್ ದಿನ ಕಿವಿ ಮುಚ್ಕಂಬ್ದ್?

ವನಜ: ಕಡಿಗ್ ನಂದೇ ತಪ್ಪಾ? ನಾನ್ ಒಣಮೀನ್ ಮಾಡ್ದಕ್ಕೆ ನೀವ್ ದಪ್ಪ ಆದ್ದಾ?

ಚಂದ್ರ: ನಿನ್ ಒಣಮೀನಲ್ಲ ಮಾರಾಯ್ತಿ, ಮೈ ಮಾಡುವ ಒಣಮೀನ್.

ವನಜ: ಮೈ ಎಲ್ಲ್ ಒಣ್ಗ್ಸತ್ತ್?

ಭಾವ ಅಂಗಿಯ ಮೇಲಿಂದಲೇ ಜಾಗ ತೋರಿಸಿದರು. ಜಾಗ ವಿಶಾಲವಾಗಿತ್ತು.

ಡಾಕ್ಟರು ಹೇಳಿದ್ದನ್ನು ಅವರು ಆಮೇಲೆ ಬಿಡಿಸಿ ಹೇಳಿದರು. ಹೊಟ್ಟೆಯ ಮೇಲ್ಗಡೆ ಒಂದು ಮೂಲೆಯಿದೆಯಂತೆ. ಹಸಿವು ಹಸಿವು ಎಂದು ಹೆಚ್ಚಾಗಿ ಕೂಗಿ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದೇ ಅಂತೆ. ಆಪರೇಷನ್ನಿನಲ್ಲಿ ಆ ಮೂಲೆಯನ್ನೇ ತೆಗೆಯುತ್ತಾರೆ. ಹೊಟ್ಟೆ ಸಣ್ಣದಾಗುವುದು ಒಂದು ಕಡೆ, ಆ ಕೂಗು ತಗ್ಗುವುದು ಇನ್ನೊಂದು ಕಡೆ. ಹಾಗಾಗಿ ಕಡಿಮೆ ಉಂಡರೂ ಮೈ ಮಳೆಗಾಲ ಬಂತೆಂದು ಗಾಬರಿಬೀಳುವುದಿಲ್ಲ. ಇದು ಎಲ್ಲರಿಗೂ ಮಾಡುವುದಲ್ಲ, ನಿಮ್ಮಷ್ಟು ತೂಕವೂ ಕಾಯಿಲೆಯೂ ಇದ್ದವರಿಗೆ ಎಂದೂ ಡಾಕ್ಟರು ಹೇಳಿದ್ದರು.

ವನಜ: ಹೊಟ್ಟಿ ತೆಗ್ದ್ರೆ ನಾನ್ ಮಾಡಿದ್ದ್ ಎಲ್ಲಿಗ್ ಹಾಕುದ್?

ಚಂದ್ರ: ಪೂರ್ತಿ ತೆಗಿತಿಲ್ಲೆ. ಒಂದ್ ಬಾಳಿಹಣ್ಣಿನಷ್ಟ್ ಉಳ್ಸ್ತ್ರ್.

ವನಜ: ಯಾವ್ ಬಾಳಿಹಣ್ಣ್? ಪುಟ್ಟಬಾಳಿಯಾ, ನೇಂದ್ರವಾ?

ಚಂದ್ರ: ಅದ್ ಕೇಣ್ಲಿಲ್ಲೆ.

ವನಜ: ಹೊಟ್ಟಿ ಕೊಡುಕ್ ಹೊರ್ಟವ್ರ್, ಅಷ್ಟ್ ಕೇಂಬುಕ್ ಆಯ್ಲಿಲ್ಯಾ? ನೇಂದ್ರ ಆರೆ ಒಂದ್ ಬಂಗ್ಡಿ ಮೀನ್ ಹಿಡಿತ್. ಪುಟ್ಟಬಾಳಿ ಆರೆ ಸಣ್ಣ ಬೂತಾಯಿಯೂ ಹಿಡಿತಿಲ್ಲೆ.

ವನಜ ಮೀನಿನ ಅಳತೆಗೆ ಬಂದದ್ದು ಕಂಡು, ಇವಳು ಅರ್ಧ ಒಪ್ಪಿದ ಹಾಗೆಯೇ ಎಂದು ನನಗೆ ಅನಿಸಿತು. ಬುದ್ಧಿ ಹೇಳಲು ಬಂದವನು ಪಕ್ಷ ಬದಲಿಸಲು ಇದೇ ಒಳ್ಳೆಯ ಸಮಯವೆಂದು, ನೀನು “ಹೋಯ್ ಬನ್ನಿ” ಎಂದರೆ ಮುಗಿಯಿತಲ್ಲ ಎಂದೆ. ಅವಳು ನನ್ನ ತಟ್ಟೆಯಲ್ಲಿ ಉಳಿದಿದ್ದ ಒಂದೇ ಒಂದು ಗೋಳಿಬಜೆಯನ್ನು ಎತ್ತಿಕೊಂಡಳು.

ವನಜ: ನೀನ್ ಸುಮ್ನೆ ಕೂಕೊ ಅಣ್ಣ. ಕುರ್ಚಿ ಮುರ್ದದ್ದ್ ಸಾಕ್.

ಆಮೇಲೆ ಅವಳು ನನ್ನ ಕಡೆಯೂ ನೋಡದೆ, ಗಂಡನ ಕಡೆಯೂ ನೋಡದೆ, ಗೋಳಿಬಜೆಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದಳು.

ವನಜ: ಆಪರೇಷನ್ ಮಾಡುಕೆ ನಿದ್ದಿ ಬರ್ಸ್ತ್ರಂಬ್ರ್. ನಿದ್ದಿಯಾಗೆ ಇವ್ರ ಉಸ್ರ್ ನಿಲ್ಲತ್ತ್. ಗೊರ್ಕಿ ಹೊಡ್ದ್ ಹೊಡ್ದ್ ಒಂದ್ಸಲ ತಟ್ಟ ನಿಂತ್ ಹೋತ್ತ್. ಮನಿಯಾಗೆ ಆರೆ ನಾನ್ ಎಬ್ಸ್ತೆ. ಅಲ್ಲ್ ಯಾರ್ ಎಬ್ಸುದ್?

ಇದು ನನಗೆ ಗೊತ್ತಿರಲಿಲ್ಲ. ಭಾವನಿಗೆ ಗೊರಕೆಯಿದೆ ಎಂಬುದು ಅತ್ತ ಯಡ್ತರೆ ಊರಿನವರೆಗೂ ಗೊತ್ತಿದ್ದ ಸಂಗತಿ. ಆ ಗೊರಕೆ ನಿಂತಾಗ ನನ್ನ ತಂಗಿ ಎದ್ದು ಕೂರುತ್ತಾಳೆಂಬುದು ಯಾರಿಗೂ ಗೊತ್ತಿರಲಿಲ್ಲ. ಅವಳ ಕಣ್ಣ ಕೆಳಗಿನ ಕಪ್ಪನ್ನು ನಾನು ವಯಸ್ಸೆಂದುಕೊಂಡಿದ್ದೆ.

ಚಂದ್ರ: ಉಸ್ರ್ ಕಾಂಬುಕೇ ಅಂದೇಳಿ ಒಬ್ರ್ ಡಾಕ್ಟ್ರ್ ತಲಿಬುಡ್ದಾಗೇ ಕೂಕಂತ್ರ್. ನಂಗೆ ಹೀಂಗೆ ಆತ್ತ್ ಅಂಬ್ದನ್ನ ಅವ್ರಿಗ್ ಮೊದ್ಲೇ ಹೇಳಿದೆ. ಮಿಷನ್ ಇತ್ತ್, ಉಸ್ರಿನ್ ಕೊಳ್ವಿ ಇತ್ತ್.

ವನಜ: ಅವ್ರ್ ಕೈ ಗಟ್ಟಿ ಇತ್ತಾ? ಇವ್ರನ್ ಎಬ್ಸುಕೆ ಕೈ ಸಾಲ್ತಿಲ್ಲೆ, ಮೊಣಕೈ ಬೇಕ್.

ಚಂದ್ರ: ಆಪರೇಷನ್ ಮಾಡ್ಸುದ್ ದೋಣಿ ಹತ್ತುಕೆ ಅಂದೇಳಿ ಊರಿಗೆಲ್ಲ ಹೇಳಿದ್ದ್ ಹೌದ್. ದೋಣಿ ಸೋಮ ನಡ್ಸ್ತ. ನೀನ್ ಒಂದ್ ರಾತ್ರಿಯಾರೂ ಸಮಾ ನಿದ್ದಿ ಮಾಡುಕೆ ನಾನ್ ಹೋಪ್ದ್.

ವನಜ ಗೋಳಿಬಜೆಯನ್ನು ನನ್ನ ತಟ್ಟೆಗೆ ವಾಪಸ್ ಹಾಕಿ ಎದ್ದಳು. ಒಳಗೆ ಕಪಾಟು ತೆರೆದ ಸದ್ದು, ಬಟ್ಟೆ ಮಡಚುವ ಸದ್ದು ಕೇಳಿತು. ಭಾವ ಬಾಗಿಲ ಕಡೆಗೇ ನೋಡುತ್ತ ಕೂತರು. ಅಷ್ಟು ದೊಡ್ಡ ಮನುಷ್ಯ ಒಂದು ಸಣ್ಣ ಮಾತಿಗೆ ಕಾಯುತ್ತಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೊರಗೆ ಬಂದಾಗ ಕೈಯಲ್ಲಿ ಎರಡು ಚೀಲಗಳಿದ್ದವು.

ವನಜ: ಹೋಯ್ ಬನ್ನಿ ಅಂದೇಳಿ ನಾನ್ ಹೇಳ್ತಿಲ್ಲೆ.

ಚಂದ್ರ: ಮತ್ತೆ?

ವನಜ: ನಾಳೆ ಬೆಳಿಗ್ಗೆ ಹೋಪ. ನಾನೂ ಬತ್ತೆ. ಬಾಳಿಹಣ್ಣ್ ಯಾವ್ದ್ ಅಂದೇಳಿ ನಾನೇ ಕೇಣ್ತೆ.

ಆಪರೇಷನ್ ಆಯಿತು. ಅದು ಮಂತ್ರವೇನಲ್ಲ ಎಂಬುದು ಎಲ್ಲರಿಗೂ ಬೇಗ ತಿಳಿಯಿತು. ಮೊದಮೊದಲು ಬರೀ ನೀರು, ಗಂಜಿಯ ತಿಳಿ. ಆಮೇಲೆ ಕಿವುಚಿದ ಅನ್ನ. ಮಾತ್ರೆಗಳು ಜೀವನಪೂರ್ತಿ. ಒಮ್ಮೆ ಯಾರದೋ ಮದುವೆ ಊಟದಲ್ಲಿ ಭಾವ ಹಳೆಯ ವೇಗದಲ್ಲಿ ಉಂಡು, ಕೈ ತೊಳೆಯುವ ಮುಂಚೆಯೇ ಹಿತ್ತಲಿಗೆ ಓಡಿದರಂತೆ. ಅಲ್ಲಿಗೆ ಆ ವೇಗವೂ ನಿಂತಿತು. ಪಥ್ಯ ಈಗಲೂ ಇದೆ. ಮೊದಲು ಪಥ್ಯದ ವಿರುದ್ಧ ಜಗಳಕ್ಕೆ ನಿಲ್ಲುತ್ತಿದ್ದ ಮೈ ಈಗ ಪಥ್ಯದ ಪಕ್ಷಕ್ಕೆ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸದಿಂದ ತೂಕ ಇಳಿಯಿತು, ಇಳಿದದ್ದು ಬಂಧುಬಳಗ ಕಟ್ಟಿಕೊಂಡು ವಾಪಸ್ ಬರಲೂ ಇಲ್ಲ.

ಮುಂದಿನ ಹಂಗಾಮಿನಲ್ಲಿ ನಾನು ಉಪ್ಪುಂದಕ್ಕೆ ಹೋದಾಗ ಭಾವ ಆಗಷ್ಟೇ ಕಡಲಿನಿಂದ ಬಂದಿದ್ದರು. ಅಂಗಿ ಹಳೆಯದು, ಒಳಗೆ ಇನ್ನೊಬ್ಬರಿಗೂ ಜಾಗವಿತ್ತು. ವನಜ ಅವರಿಗೆ ಸಣ್ಣ ಬಟ್ಟಲಲ್ಲಿ ಒಂದು ತುಂಡು ಬಂಗುಡೆ, ಎರಡು ಚಮಚ ಅನ್ನ ಇಟ್ಟಳು. ಅರ್ಧ ಗಂಟೆ ಅಗಿದು, ಸಾಕು ಎಂದರು. ಸಾಕು ಎಂಬ ಮಾತನ್ನು ಆ ಬಾಯಿಂದ ನಾನು ಕೇಳಿದ್ದು ತಂಗಿಯ ಮದುವೆಯಾದಂದಿನಿಂದ ಅದೇ ಮೊದಲು. ಗೊರಕೆಯ ವಿಷಯ ವಿಚಾರಿಸಿದೆ. ಅದು ನಿಂತ ಹೊಸದರಲ್ಲಿ ಸದ್ದಿಲ್ಲದೆ ತನಗೆ ನಿದ್ದೆಯೇ ಬರಲಿಲ್ಲವೆಂದೂ, ಈಗ ಬೆಳಿಗ್ಗೆ ಏಳಿಸಲು ಅವರೇ ಬರಬೇಕೆಂದೂ ವನಜ ದೂರಿದಳು. ಕಣ್ಣ ಕೆಳಗೆ ಕಪ್ಪಿರಲಿಲ್ಲ.

ಜಗಲಿಯಲ್ಲಿ ಹೊಸ ಪ್ಲಾಸ್ಟಿಕ್ ಕುರ್ಚಿಯೊಂದಿತ್ತು. ನಾನು ಅದರತ್ತ ಹೆಜ್ಜೆಯಿಡುವಷ್ಟರಲ್ಲಿ ಭಾವ ಬಂದು ತಾವೇ ಅದರಲ್ಲಿ ಕೂತು, ಗೋಡೆ ಬದಿಯ ದೋಣಿಹಲಗೆಯ ಬೆಂಚನ್ನು ನನಗೆ ತೋರಿಸಿದರು. ಕೂತೆ. ಬೆಂಚು ಸದ್ದು ಮಾಡಲಿಲ್ಲ. ಬಹಳ ದಿನಗಳ ಮೇಲೆ ತಕ್ಕವರು ಸಿಕ್ಕಿದ ಹಾಗೆ ಸುಮ್ಮನಿತ್ತು.

ನಾನು: ಇನ್ನ್ ನಿಮ್ಗೆ ಈ ಬೆಂಚ್ ಎಂತಕ್ ಭಾವ? ಸುಮ್ನೆ ಜಾಗಕ್ಕ್ ದಂಡ ಅಲ್ದಾ?

ಚಂದ್ರ: ಒಡ್ದ್ ಒಲಿಗ್ ಹಾಕುವ ಅಂದೇಳಿ ಕೊಡ್ಲಿ ತಂದಿದ್ದೆ. ಅಷ್ಟೊತ್ತಿಗ್ ನೀವ್ ಬತ್ರಿ ಅಂದೇಳಿ ಫೋನ್ ಬಂತ್.